ನನ್ನನ್ನು ಸೋಲಿಸಿ ನೋಡಿ

ಗಾಲ್ಫ್ ಕ್ಲಬ್ಬಿನವರು ಏನು ಕೇಳಿದರೂ "ಎಸ್ ಸಾರ್" ಅನ್ನುವುದು ತಾತನ ನಲವತ್ತು ವರ್ಷದ ಅಭ್ಯಾಸ. ಆಟಗಾರರ ಚೀಲ ಹೊತ್ತು ಅವರ ಹಿಂದೆ ನಡೆಯುವವನಿಗೆ ಕ್ಯಾಡಿ ಅನ್ನುತ್ತಾರೆ. ಮೊಣಕಾಲು ಕೈಕೊಡುವ ತನಕ ತಾತ ಅದೇ ಕೆಲಸ ಮಾಡಿದ, ಆಮೇಲೆ ಉಳಿದ ಕ್ಯಾಡಿಗಳಿಗೆ ಸರದಿ ಹಂಚುವ ಮೇಸ್ತ್ರಿಯಾದ. ಆ ಕಸುಬಿಗೆ ಒಂದು ಕಟ್ಟಳೆ ಇದೆ. ಆಟಗಾರ ಕೇಳಿದ ಕೋಲನ್ನು ಕೊಡಬೇಕು; ಅದು ತಪ್ಪು ಕೋಲು ಅಂತ ಗೊತ್ತಿದ್ದರೂ ಬಾಯಿ ಬಿಡಬಾರದು. ಅದಕ್ಕೇ ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಎಸ್ಸಾರ್ ಅಂತ. ಹೀಗೆ ಕೇಳಿದ್ದನ್ನೆಲ್ಲ ತೆಗೆದುಕೊಟ್ಟು ಅಭ್ಯಾಸವಾದ ಮನುಷ್ಯ, ಒಂದು ದಿನ ಮೊಮ್ಮಗಳನ್ನೂ ಕೊಟ್ಟು ಬಂದ.

ಸುದ್ದಿ ಹೊರಬಿದ್ದದ್ದು ಸಂಜೆಯ ಊಟದ ಹೊತ್ತಿನಲ್ಲಿ. ಮಗಳು ತಾನು ಕೆಲಸ ಮಾಡುವ ಬೇಕರಿಯಿಂದ ಅಂಚು ಸೀದ ಬ್ರೆಡ್ ತಂದಿದ್ದಳು, ಅಜ್ಜಿ ಬೇಳೆ ಬೇಯಿಸಿದ್ದಳು. ತಾತ ಕೈ ತೊಳೆಯುವ ಮೊದಲೇ ಶುರುಮಾಡಿದ.

"ಕ್ಲಬ್ಬಲ್ಲಿ ಸಹಾಯಾರ್ಥ ಪಂದ್ಯಾವಳಿ ಮಾಡ್ತಾರೆ. ಇನ್ನು ಆರು ವಾರಕ್ಕೆ. ಬಂದ ದುಡ್ಡೆಲ್ಲ ನಮ್ಮ ಮೆಣಸಿನ ಶಾಲೆಗೆ. ಹೊಸ ವ್ಯಾನು!"

ಮೆಣಸು ಅಂದರೆ ಮೊಮ್ಮಗಳು. ಹತ್ತು ವರ್ಷ, ಅಂಗೈಯಗಲ ಮುಖ, ಖಾರ ಮಾತ್ರ ಮೈತುಂಬ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಆದರೂ ಮನೆಯಲ್ಲಿ ಅವಳದೇ ಗಲಾಟೆ ಹೆಚ್ಚು. ತಟ್ಟೆ ಬಡಿಯುತ್ತಾಳೆ, ಕಾಲು ಅಪ್ಪಳಿಸುತ್ತಾಳೆ, ಎಲ್ಲರ ಜೊತೆ ಕೈಮಾತಿನಲ್ಲಿ ಜಗಳ ಆಡುತ್ತಾಳೆ. ಅವಳಂಥ ಮಕ್ಕಳ ಶಾಲೆ ಇರುವುದು ಊರಿನ ಆ ತುದಿಯಲ್ಲಿ. ಶಾಲೆಯ ಹಳೇ ವ್ಯಾನು ಮೂಲೆಗೆ ಸೇರಿದ ಮೇಲೆ ತಾಯಿಯೇ ಎರಡು ಬಸ್ಸು ಬದಲಿಸಿ ಅವಳನ್ನು ಬಿಟ್ಟುಬರಬೇಕು. ಅಷ್ಟರಲ್ಲಿ ಅರ್ಧ ದಿನ ಮುಗಿದು ಬೇಕರಿಯಲ್ಲಿ ಅರ್ಧ ಪಾಳಿಯಷ್ಟೇ ಸಿಗುತ್ತಿತ್ತು. ಎರಡು ತಿಂಗಳಲ್ಲಿ ಪೂರ್ತಿ ಪಾಳಿಗೆ ಬಾ, ಇಲ್ಲದಿದ್ದರೆ ಬರಲೇಬೇಡ ಅಂತ ಬೇಕರಿ ಯಜಮಾನ ಹೇಳಿಯಾಗಿತ್ತು. ವ್ಯಾನು ಬರದಿದ್ದರೆ ಮಗುವಿನ ಶಾಲೆ ಹೋಗಬೇಕು, ಇಲ್ಲವೇ ತಾಯಿಯ ಕೆಲಸ ಹೋಗಬೇಕು. ಗಂಡನ ಮನೆ ಬೇಡ ಅಂತ ಮಗುವನ್ನೆತ್ತಿಕೊಂಡು ಬಂದ ಹೆಣ್ಣಿಗೆ ಮೂರನೇ ದಾರಿ ಇರಲಿಲ್ಲ.

"ವ್ಯಾನಾ?" ಮಗಳ ಮುಖ ಅರಳಿತು. "ನಿಜವಾಗ್ಲೂನಾ ಅಪ್ಪ?"

"ಮತ್ತೇನು! ಪೋಸ್ಟರಿಗೆ ನಮ್ಮ ಮೆಣಸಿನ ಫೋಟೋನೇ ಹಾಕ್ತಾರೆ. ಪಂದ್ಯದ ದಿನ ಇವಳು ವೇದಿಕೆ ಮೇಲೆ ನಿಂತ್ಕೊಂಡು ಕೈ ಮುಗೀಬೇಕು, ಅಷ್ಟೇ. ನಾನು ರುಜು ಹಾಕಿ ಬಂದೆ."

ಮಗಳು ಬ್ರೆಡ್ಡನ್ನು ತಟ್ಟೆಗಿಟ್ಟಳು. "ಯಾರನ್ನ ಕೇಳಿ ಹಾಕಿದ್ರಿ?"

"ಅಧ್ಯಕ್ಷರೇ ಕೇಳಿದ್ರು ಕಣೇ. ಎಸ್ ಸಾರ್ ಅಂದೆ."

"ಅದು ನಿಮ್ಮ ಹೆಗಲ ಮೇಲಿನ ಚೀಲ ಅಲ್ಲಪ್ಪ, ನನ್ನ ಮಗಳು. ಕೈ ಮುಗಿದು ನಿಂತ್ಕೊಳ್ಳೋಕೆ ಅವಳೇನು ತಪ್ಪು ಮಾಡಿದಾಳೆ?"

"ಇದು ತಪ್ಪಿನ ಮಾತಲ್ಲ, ವ್ಯಾನಿನ ಮಾತು."

ಅಜ್ಜಿ ಇಬ್ಬರ ತಟ್ಟೆಗೂ ಬೇಳೆ ಬಡಿಸಿದಳು. ಆವತ್ತು ಅವಳು ಗಂಡನ ಕಡೆ. ಒಂದು ಫೋಟೋ ತಾನೆ, ಮೈ ಸವೆಯುತ್ತದೆಯೇ ಅಂದುಕೊಂಡಳು. "ಬಿಡೇ, ಮಗು ಬಸ್ಸಲ್ಲಿ ನಿಂತು ನಿಂತು ಸೊರಗಿದೆ. ವ್ಯಾನು ಬರ್ಲಿ ಮೊದಲು" ಅಂದಳು. ಮಗಳು ಅರ್ಧ ಊಟಕ್ಕೆ ಎದ್ದುಹೋದಳು. ಮಾರನೇ ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಅವನ ಎದುರಿಗೇ ಮಗುವಿಗೆ ಕೈಮಾತಿನಲ್ಲಿ ಹೇಳುವಳು: ನಿನ್ನ ತಾತನಿಗೆ ಹೇಳು, ಒದ್ದೆ ಟವೆಲನ್ನು ಕುರ್ಚಿ ಮೇಲೆ ಹಾಕಬಾರದು. ಕೈಮಾತು ತಾತನಿಗೂ ಬರುತ್ತಿತ್ತು. ಅವನು ಸುಮ್ಮನೆ ಎದ್ದು ಟವೆಲ್ ತೆಗೆಯುವನು.

ಗುರುವಾರ ಫೋಟೋ ತೆಗೆಯುವವನು ಬಂದ. ಮೆಣಸು ತನ್ನ ಹಳದಿ ಸ್ವೆಟರ್ ಹಾಕಿಕೊಂಡು, ತಲೆ ಬಾಚಿಕೊಂಡು, ಹಲ್ಲೆಲ್ಲ ತೋರಿಸಿ ನಿಂತಳು.

"ಈ ಸ್ವೆಟರ್ ಬೇಡಮ್ಮ, ಹೊಸದಾಗಿ ಕಾಣುತ್ತೆ. ಹಳೇದೇನಾದ್ರೂ ಇದ್ಯಾ?" ಅಂದ ಅವನು. "ಮತ್ತೆ, ನಗಬಾರದು ಅಂತ ಹೇಳಿ. ಕಿವಿ ಮೇಲೆ ಕೈ ಇಟ್ಟುಕೊಂಡು ನೆಲ ನೋಡ್ಲಿ."

ಅಜ್ಜಿ ಹೇಳಿದಳು. ಮೆಣಸು ಕೈಯಲ್ಲೇ ಕೇಳಿದಳು: ಯಾಕೆ, ಇವನಿಗೆ ಯಾರು ತೀರಿಕೊಂಡಿದಾರೆ? ಆಮೇಲೆ ಕಣ್ಣು ಮೆಳ್ಳೆ ಮಾಡಿ ನಾಲಿಗೆ ಹೊರಚಾಚಿದಳು. ಹತ್ತು ಸಲ ಪ್ರಯತ್ನಿಸಿ ಅವನು ಕೈಚೆಲ್ಲಿದ. ಆಗಲಿ ಚಹಾ ಕುಡಿದು ಹೋಗಲಿ ಅಂತ ಅಜ್ಜಿ ಒಲೆಯ ಹತ್ತಿರ ಹೋದಳು. ಮೆಣಸಿಗೆ ಎರಡು ಈರುಳ್ಳಿ ಕೊಟ್ಟು ಹೆಚ್ಚಲು ಕೂರಿಸಿದಳು.

ಪೋಸ್ಟರ್ ಮೂರೇ ದಿನಕ್ಕೆ ತಯಾರಾಯಿತು. ಅಜ್ಜಿ ಅದನ್ನು ನೋಡಿದ್ದು ಕ್ಲಬ್ಬಿನ ಹಿಂದಿನ ಸಾಮಾನು ಕೋಣೆಯಲ್ಲಿ, ಅಲ್ಲಿನ ತನ್ನ ಬೆಳಗಿನ ಕೆಲಸ ಮುಗಿಸಿ ರಬ್ಬರ್ ಬೂಟು ಬಿಚ್ಚಲು ಬಂದಾಗ. ಮೆಣಸಿನ ಮುಖ ಕಾಗದದ ತುಂಬ. ಎರಡೂ ಕಣ್ಣಿನಲ್ಲಿ ಧಾರಾಕಾರ ನೀರು, ಕೆಂಪು ಮೂಗು. ಕೆಳಗೆ ದಪ್ಪಕ್ಷರ: ಈ ಮೌನದ ಕಣ್ಣೀರಿಗೆ ನಿಮ್ಮ ಕನಿಕರ ಬೇಕು.

ಈರುಳ್ಳಿ! ಚಹಾ ಕುಡಿಯುತ್ತ ಕುಡಿಯುತ್ತಲೇ ಆ ಪುಣ್ಯಾತ್ಮ ಅಡುಗೆಮನೆ ಬಾಗಿಲಿನಿಂದ ಫೋಟೋ ಹೊಡೆದುಕೊಂಡು ಹೋಗಿದ್ದ. ಈರುಳ್ಳಿ ಕೊಟ್ಟವಳು ತಾನೇ. ಅಜ್ಜಿಗೆ ಮೊದಲು ನಗು ಬಂತು, ಮರುಕ್ಷಣ ಮೈಯೆಲ್ಲ ಉರಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಅವಳ ತಾಯಿ ಹೇಳುತ್ತಿದ್ದಳು. ಇಲ್ಲಿ ಈರುಳ್ಳಿಗೇ ಹೋಗುವುದರಲ್ಲಿತ್ತು. ಪೋಸ್ಟರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಬೂಟೂ ಬಿಚ್ಚದೆ, ಸಮಿತಿ ಸಭೆ ಸೇರಿದ್ದ ಕೋಣೆಗೆ ನಡೆದಳು.

ಈ ಅಜ್ಜಿಗೆ ಕ್ಲಬ್ಬಿನವರು ಇಟ್ಟ ಹೆಸರು ಕುಳಿಯಮ್ಮ. ಆಟದ ಕೊನೆಯಲ್ಲಿ ಚೆಂಡು ಬೀಳಬೇಕಾದ ಕುಳಿ ಇರುತ್ತದಲ್ಲ, ಅದನ್ನು ಕೊರೆಯುವುದು ಇವಳ ಕೆಲಸ. ಮಖಮಲ್ಲಿನಷ್ಟು ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿಗೆ ಗ್ರೀನ್ ಅನ್ನುತ್ತಾರೆ. ದಿನಾ ಬೆಳಿಗ್ಗೆ ಹಿಡಿಕೆಯಿರುವ ಕಬ್ಬಿಣದ ಕೊಳವೆಯನ್ನು ಅದರೊಳಗೆ ತಿರುಗಿಸಿ ಇಳಿಸಿ, ಮಣ್ಣಿನ ಗಟ್ಟಿಯನ್ನು ಎತ್ತಿ, ನಿನ್ನೆಯ ಕುಳಿಗೆ ತುಂಬಿ ಮುಚ್ಚಿ, ಹೊಸ ಕುಳಿಗೆ ಬಾವುಟ ನೆಡಬೇಕು. ಇವತ್ತು ಕುಳಿ ಎಲ್ಲಿ ಅನ್ನುವುದು ಕೊರೆಯುವವರ ವಿವೇಚನೆ ಅಂತ ಕ್ಲಬ್ಬಿನ ನಿಯಮದಲ್ಲಿದೆ. ನಿಯಮ ಇದ್ದದ್ದು ಪುಸ್ತಕದಲ್ಲಿ ಮಾತ್ರ. ಹದಿನೆಂಟು ವರ್ಷದಿಂದ ಅಜ್ಜಿ ಕುಳಿ ಕೊರೆದದ್ದು ಅಧ್ಯಕ್ಷರ ಚೆಂಡು ಸಲೀಸಾಗಿ ಉರುಳುವ ಸಮತಟ್ಟು ಜಾಗದಲ್ಲಿ.

"ಏನಮ್ಮ ಕುಳಿಯಮ್ಮ, ದಾರಿ ತಪ್ಪಿ ಬಂದ್ಯಾ?" ಅಂದರು ಅಧ್ಯಕ್ಷರು, ರತ್ನಗಂಬಳಿ ಮೇಲಿನ ಕೆಸರು ನೋಡುತ್ತ.

"ಈ ಪೋಸ್ಟರ್ ಬೇಡ ಸಾರ್."

"ಯಾಕೆ? ಮಗು ಎಷ್ಟು ಚೆನ್ನಾಗಿ ಬಂದಿದೆ. ನಮ್ಮನೆಯವರು ನೋಡಿ ಅತ್ತೇಬಿಟ್ರು."

"ಅವರೂ ಈರುಳ್ಳಿ ಹೆಚ್ತಾ ಇದ್ರಾ ಸಾರ್?"

ಮೂಲೆಯಲ್ಲಿದ್ದ ಒಬ್ಬ ಸದಸ್ಯರು ಕರವಸ್ತ್ರಕ್ಕೆ ಮುಖ ಒತ್ತಿಕೊಂಡರು. ಅಜ್ಜಿ ನಡೆದದ್ದನ್ನು ಹೇಳಿದಳು. ಅಧ್ಯಕ್ಷರಿಗೆ ಅದರಿಂದ ಏನೂ ಅನ್ನಿಸಲಿಲ್ಲ.

"ನೋಡಮ್ಮ, ಕಣ್ಣೀರು ನೋಡಿದ್ರೆ ಕೈ ಜೇಬಿಗೆ ಹೋಗುತ್ತೆ. ನಗೋ ಮಗುಗೆ ಯಾರು ಕೊಡ್ತಾರೆ? ನಿಮಗೆ ಬೇಡ ಅಂದ್ರೆ ಹೇಳಿ, ಕೆರೆ ಪಕ್ಕ ಗಿಡ ನೆಡೋ ಯೋಜನೆ ಒಂದಿದೆ. ಗಿಡಗಳು ತಕರಾರು ಮಾಡಲ್ಲ."

ವ್ಯಾನು ಕಣ್ಣೆದುರೇ ಹೊರಟುಹೋಗುತ್ತಿತ್ತು. ಅಜ್ಜಿಗೆ ಹೆದರಿಕೆಯಾಯಿತು, ಹೆದರಿಕೆಯ ಬೆನ್ನಿಗೇ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನನ್ನ ಮೊಮ್ಮಗಳು ಅಳೋದೂ ಇಲ್ಲ, ಕೈ ಮುಗಿಯೋದೂ ಇಲ್ಲ. ಆಡ್ತಾಳೆ. ಪ್ರಾಕ್ಟೀಸ್ ಗ್ರೀನ್ ಮೇಲೆ ಅವಳು ನಿಂತಿರ್ತಾಳೆ. ಟಿಕೆಟ್ ತಗೊಂಡು ಯಾರು ಬೇಕಾದ್ರೂ ಬರ್ಲಿ, ಅವರಿಗೆ ಮೂರು ಚೆಂಡು, ಅವಳಿಗೆ ಮೂರು, ಕುಳಿಗೆ ಹೆಚ್ಚು ಬೀಳಿಸಿದವರು ಗೆದ್ದ ಹಾಗೆ. ಸೋತವರು ಟಿಕೆಟ್ಟಿನ ಹತ್ತರಷ್ಟು ವ್ಯಾನಿಗೆ ಹಾಕ್ಬೇಕು. ಮೊದಲು ನೀವೇ ಬನ್ನಿ."

"ಹತ್ತು ವರ್ಷದ ಹುಡುಗಿ ಜೊತೆ ನಾನು ಆಡ್ಬೇಕಾ?"

"ಹೆದರಿಕೆ ಆದ್ರೆ ಬೇಡ ಸಾರ್."

ಈಗ ಇಡೀ ಸಮಿತಿ ನಕ್ಕಿತು. ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಸೋಮವಾರ ಕ್ಲಬ್ಬಿಗೆ ರಜೆ, ಆ ದಿನ ಕೆಲಸದವರು ಹುಲ್ಲಿನ ಮೇಲೆ ಆಡಿಕೊಳ್ಳಬಹುದು ಅನ್ನುವುದು ಹಳೇ ವಾಡಿಕೆ. ತಾತ ಮುರಿದ ಕೋಲೊಂದನ್ನು ಗಿಡ್ಡ ಮಾಡಿ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ಕೊಟ್ಟಿದ್ದ. ಐದನೇ ವಯಸ್ಸಿನಿಂದ ಮೆಣಸು ಶಾಲೆಗೆ ರಜೆಯಿದ್ದ ಸೋಮವಾರಗಳನ್ನೆಲ್ಲ ಆ ಗ್ರೀನ್ ಮೇಲೆಯೇ ಕಳೆದಿದ್ದಳು.

ಅಧ್ಯಕ್ಷರು ಹಿಂದೆ ಸರಿಯುವ ಹಾಗಿರಲಿಲ್ಲ. "ಆಯ್ತು. ಅಲ್ಲೀತನಕ ಪೋಸ್ಟರ್ ಹಂಚೋದಿಲ್ಲ. ಆದ್ರೆ ಅವಳು ನನಗೆ ಸೋತ್ರೆ ಇದೇ ಫೋಟೋನ ಗೋಡೆಯಷ್ಟು ಮಾಡಿಸ್ತೀನಿ. ಅದರ ಮುಂದೆ ಅವಳು ಕೈ ಮುಗಿದು ನಿಲ್ಬೇಕು. ಒಪ್ಪಿಗೆನಾ?"

"ಒಪ್ಪಿಗೆ" ಅಂದು ಅಜ್ಜಿ ಗೆದ್ದವಳ ಹಾಗೆ ಮನೆಗೆ ಬಂದಳು.

ಮನೆಯಲ್ಲಿ ಮಗಳು ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ನಗಲಿಲ್ಲ.

"ಅಪ್ಪ ಎಸ್ ಅಂದು ಬಂದ್ರು, ನೀನು ಒಪ್ಪಿಗೆ ಅಂದು ಬಂದೆ. ಏನಮ್ಮ ವ್ಯತ್ಯಾಸ? ಇಬ್ಬರಲ್ಲಿ ಒಬ್ಬರಾದ್ರೂ ಅವಳನ್ನ ಕೇಳಿದ್ರಾ?"

ಕುರ್ಚಿಯಲ್ಲಿದ್ದ ತಾತ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡ. ಅಜ್ಜಿಗೆ ನಾಚಿಕೆಯಾಯಿತು. ನೆಟ್ಟಗೆ ಮೆಣಸಿನ ಎದುರು ಹೋಗಿ ಕೂತು, ಪೋಸ್ಟರ್ ಬಿಡಿಸಿಟ್ಟು, ಮೊದಲಿನಿಂದ ಕೊನೆಯ ತನಕ ಕೈಮಾತಿನಲ್ಲಿ ಹೇಳಿದಳು. ಆಡುತ್ತೀಯಾ, ಬೇಡವಾ? ಬೇಡ ಅಂದರೆ ನಾಳೆಯೇ ಹೋಗಿ ತಪ್ಪಾಯಿತು ಅಂತ ಹೇಳಿ ಬರುತ್ತೇನೆ.

ಮೆಣಸು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದಳು. ಪೋಸ್ಟರನ್ನು ಬಹಳ ಹೊತ್ತು ನೋಡಿದಳು. ಅವಳ ಕಿವಿಯ ತುದಿ ಕೆಂಪಾಯಿತು. ಕೈ ಒರೆಸಿಕೊಂಡು ಹೇಳಿದಳು: ಆಡ್ತೀನಿ. ಪೋಸ್ಟರ್ ನಾನೇ ಬರೀತೀನಿ. ಕುಳಿ ನಾನು ಹೇಳಿದ ಕಡೆ ಇರಬೇಕು. ಇನ್ನು ಮೇಲೆ ಯಾರೂ ನನ್ನನ್ನ ಕೇಳದೆ ನನ್ನ ಬಗ್ಗೆ ಮಾತು ಕೊಡಬಾರದು.

"ಸೋತ್ರೆ?" ತಾಯಿ ಕೇಳಿದಳು.

ಸೋತ್ರೆ ನಿಲ್ತೀನಿ. ಆದ್ರೆ ನಾಲಿಗೆ ಹೊರಗೆ ಹಾಕಿಕೊಂಡು ನಿಲ್ತೀನಿ.

ತಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಮಾರನೇ ದಿನ ಬೇಕರಿಯಿಂದ ಕೇಕಿನ ಡಬ್ಬಿಯ ರಟ್ಟು ತಂದುಕೊಟ್ಟಳು. ಮೆಣಸು ಹಳದಿ ಸ್ವೆಟರಿನ ಹುಡುಗಿಯ ಚಿತ್ರ ಬರೆದು, ಅವಳ ಕೈಗೆ ಕೋಲು ಕೊಟ್ಟು, ಕೆಳಗೆ ಒತ್ತಿ ಒತ್ತಿ ಬರೆದಳು: ನನ್ನನ್ನು ಸೋಲಿಸಿ ನೋಡಿ.

ಆ ಪೋಸ್ಟರ್ ಕ್ಲಬ್ಬಿನ ಬಾಗಿಲಲ್ಲೇ ನೇತಾಡಿತು. ವಾರ ಕಳೆಯುವುದರೊಳಗೆ ಟಿಕೆಟ್ ಕೇಳುವವರು ಶುರುವಾದರು. ಇತ್ತ ಮನೆಯಲ್ಲಿ ಓಡಾಡಲು ಜಾಗವಿಲ್ಲ. ನಡುಮನೆಯ ನೆಲದ ಮೇಲೆ ಲೋಟ ಮಲಗಿಸಿ ಮೆಣಸು ಚೆಂಡು ಹೊಡೆಯುವುದು, ಅದು ಮಂಚದ ಕೆಳಗೆ ಹೋಗುವುದು, ತಾತ ಬಗ್ಗಿ ತೆಗೆಯುವುದು. "ಈ ಮನೇಲಿ ಊಟಕ್ಕೆ ಕೂರೋಕೂ ಸರದಿ ನಿಲ್ಬೇಕು" ಅಂತ ಅಜ್ಜಿ ಗೊಣಗುವಳು, ಚೆಂಡು ಲೋಟಕ್ಕೆ ಬಿದ್ದ ಸದ್ದಿಗೆ ಸೌಟು ಹಿಡಿದೇ ಓಡಿಬರುವಳು.

ಸೋಮವಾರಗಳಂದು ಬೆಳಕು ಹರಿಯುತ್ತಿದ್ದಂತೆಯೇ ಗ್ರೀನ್ ಮೇಲೆ ಅಭ್ಯಾಸ, ಆಮೇಲೆ ಬಸ್ಸು. ಮೊದಲ ಸೋಮವಾರ ಮೆಣಸು ತಾತನ ಮೇಲೆ ಮುನಿಸಿಕೊಂಡೇ ಇದ್ದಳು. ಅವನು ಎಡಕ್ಕೆ ತೋರಿಸಿದರೆ ಇವಳು ಬೇಕಂತಲೇ ಬಲಕ್ಕೆ ಹೊಡೆಯುವಳು. ಎರಡನೇ ಸೋಮವಾರ ತಾತ ನೋಯುವ ಮೊಣಕಾಲನ್ನು ಹುಲ್ಲಿಗೆ ಊರಿ ಅವಳ ಎದುರು ಕೂತ. ಹುಲ್ಲು ಕೀಳುತ್ತಿದ್ದ ಅಜ್ಜಿ ದೂರದಿಂದಲೇ ಅವನ ಕೈಗಳನ್ನು ಓದಿದಳು: ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು.

ಮೆಣಸು ಅವನನ್ನೇ ನೋಡಿದಳು. ಆಮೇಲೆ ಕೋಲಿನಿಂದ ಹುಲ್ಲು ತೋರಿಸಿ ಕೇಳಿದಳು: ಇಲ್ಲಿ ನೆಲ ಯಾವ ಕಡೆ ಇಳೀತಿದೆ, ಅದನ್ನ ಹೇಳು.

ಸಂಜೆ ಅಜ್ಜಿ ಇದನ್ನು ಮಗಳಿಗೆ ಹೇಳಿದಳು. ಊಟಕ್ಕೆ ಕೂತಾಗ ಮಗಳು ಬ್ರೆಡ್ಡಿನ ತಟ್ಟೆಯನ್ನು ಅಪ್ಪನ ಕಡೆ ಸರಿಸಿ, "ತಗೊಳ್ಳಿ ಅಪ್ಪ, ಇವತ್ತಿಂದು ಸೀದಿಲ್ಲ" ಅಂದಳು. ತಾತ ನಾಲ್ಕು ಚೂರು ತಿಂದ.

ಪಂದ್ಯದ ದಿನ ಬೆಳಿಗ್ಗೆ ಅಜ್ಜಿ ಕೊಳವೆ ಹಿಡಿದು ಪ್ರಾಕ್ಟೀಸ್ ಗ್ರೀನಿಗೆ ಬಂದಾಗ ಕ್ಲಬ್ಬಿನ ಸೆಕ್ರೆಟರಿ ಮೊದಲೇ ಕಾದಿದ್ದರು.

"ಕುಳಿಯಮ್ಮ, ಕುಳಿ ಇಲ್ಲಿ ಇರ್ಲಿ, ಸಮತಟ್ಟಾಗಿದೆ. ಅಧ್ಯಕ್ಷರ ಮಾತು. ಸಂಬಳ ಕೊಡೋರು ಯಾರು ಅನ್ನೋದು ನೆನಪಿರ್ಲಿ."

ಆ ಮಾತು ಬರುತ್ತದೆ ಅಂತ ಅಜ್ಜಿಗೆ ಗೊತ್ತಿದ್ದರೂ, ಬಂದಾಗ ಕೊಳವೆ ಹಿಡಿದ ಕೈ ತಾನಾಗಿ ಆ ಸಮತಟ್ಟು ಜಾಗದ ಕಡೆಗೇ ಹೋಯಿತು. ಹದಿನೆಂಟು ವರ್ಷ ಅಂದರೆ ಸುಮ್ಮನೆಯೇ? ಅಷ್ಟರಲ್ಲಿ ಹಿಂದಿನಿಂದ ತಾತನ ದನಿ ಕೇಳಿತು.

"ಇಲ್ಲ ಸಾರ್."

ಸೆಕ್ರೆಟರಿ ತಿರುಗಿದರು. "ಏನು ಎಸ್ಸಾರ್?"

"ಆಗಲ್ಲ ಸಾರ್. ಕುಳಿ ಎಲ್ಲಿ ಅಂತ ಕೊರೆಯೋರು ಹೇಳ್ಬೇಕು. ನಿಯಮ ನಿಮ್ಮದೇ."

ಅಜ್ಜಿ ತಾತನ ಜೊತೆ ಬಂದಿದ್ದ ಮೆಣಸಿನ ಕಡೆ ನೋಡಿದಳು. ಮೆಣಸು ಗ್ರೀನಿನ ಮೇಲಂಚಿಗೆ ಹೋಗಿ, ಸಣ್ಣ ಉಬ್ಬಿನ ಆಚೆಗೆ ಕೋಲು ಊರಿ ನಿಂತಳು. ಅಲ್ಲಿಗೆ ಚೆಂಡು ಹೋಗಬೇಕಾದರೆ ಕುಳಿಯನ್ನು ಬಿಟ್ಟು ಒಂದು ಮೊಳ ಆಚೆಗೆ ಗುರಿಯಿಡಬೇಕು. ಅಜ್ಜಿ ಕೊಳವೆಯನ್ನು ಅಲ್ಲೇ ಇಳಿಸಿ, ಮೈಭಾರ ಬಿಟ್ಟು ತಿರುಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ಗ್ರೀನಿನ ಸುತ್ತ ಜನವೋ ಜನ. ಕ್ಯಾಡಿಗಳು, ಅಡುಗೆಯವರು, ಸೂಟು ಹಾಕಿದವರು, ಮೆಣಸಿನ ಶಾಲೆಯ ಮಕ್ಕಳು. ಅಧ್ಯಕ್ಷರ ಮೊದಲ ಚೆಂಡು ಉಬ್ಬು ಹತ್ತಿ ಅವರ ಕಾಲಿಗೇ ವಾಪಸು ಬಂತು. ಎರಡನೆಯದು ಕುಳಿಯ ಪಕ್ಕದಲ್ಲೇ ಹಾದು ಅಂಚು ದಾಟಿ ಹೋಯಿತು. ಮೂರನೆಯದು ಬಿತ್ತು, ಅವರು ಕೈಯೆತ್ತಿ ಕುಣಿದರು. ಮೆಣಸಿನ ಮೊದಲ ಚೆಂಡು ತಪ್ಪಿತು. ತಾಯಿ ಅಜ್ಜಿಯ ತೋಳನ್ನು ಉಗುರಿಳಿಯುವ ಹಾಗೆ ಹಿಡಿದಳು. ಎರಡನೆಯದು ಬಿತ್ತು. ಸಮ ಸಮ. ಮೂರನೆಯದಕ್ಕೆ ಅವಳು ಕೋಲು ಎತ್ತಿದಾಗ ಅಧ್ಯಕ್ಷರ ಗೆಳೆಯರೊಬ್ಬರು ಜೋರಾಗಿ ಕೆಮ್ಮಿದರು. ಪಾಪ, ಯಾರ ಮುಂದೆ ಕೆಮ್ಮುತ್ತಿದ್ದೇನೆ ಅನ್ನುವುದು ಅವರಿಗೆ ಮರೆತೇಹೋಗಿತ್ತು. ಚೆಂಡು ಒಂದು ಮೊಳ ಆಚೆಗೆ ಹೋಗಿ, ಉಬ್ಬಿನ ಬೆನ್ನು ಹಿಡಿದು ತಿರುಗಿ, ಬೇಕೋ ಬೇಡವೋ ಅನ್ನುತ್ತ ಬಂದು ಕುಳಿಗೆ ಬಿತ್ತು.

"ನೆಲವೇ ಡೊಂಕಾಗಿದೆ" ಅಂದರು ಅಧ್ಯಕ್ಷರು.

"ಕುಣಿಯಲಾರದವಳೂ ಹಂಗೇ ಅಂದ್ಳಂತೆ ಸಾರ್" ಅಂತ ಹಿಂದಿನ ಸಾಲಿನಿಂದ ಯಾರೋ ಅಡುಗೆಯವನು ಕೂಗಿದ. ಸೂಟಿನವರೂ ನಕ್ಕರು.

ಆಮೇಲೆ ಸಾಲು ಕರಗಲೇ ಇಲ್ಲ. ಮೆಣಸು ಐದು ಜನಕ್ಕೆ ಸೋತಳು, ಪ್ರತಿ ಸಲವೂ ಕೋಲನ್ನು ನೆಲಕ್ಕೆ ಕುಟ್ಟಿದಳು. ಅರವತ್ತೆರಡು ಜನರನ್ನು ಸೋಲಿಸಿದಳು. ಸಂಜೆ ಸೆಕ್ರೆಟರಿ ವೇದಿಕೆಯ ಮೇಲೆ ಲೆಕ್ಕ ಓದಿದರು. ದೊಡ್ಡವರ ಪಂದ್ಯದಿಂದ ಬಂದದ್ದರಲ್ಲಿ ಶಾಮಿಯಾನ, ಊಟ, ಬಹುಮಾನದ ಬೆಳ್ಳಿ ಲೋಟಗಳ ಖರ್ಚು ಕಳೆದರೆ ಎರಡು ಟೈರಿಗೆ ಆಗುವಷ್ಟು ಉಳಿದಿತ್ತು. ವ್ಯಾನಿನ ಉಳಿದದ್ದೆಲ್ಲ ಬಂದದ್ದು ಆ ಸಣ್ಣ ಗ್ರೀನಿನಿಂದ.

ಮೆಣಸನ್ನು ವೇದಿಕೆಗೆ ಕರೆದರು. ಅವಳು ಕೋಲು ಹಿಡಿದೇ ಹತ್ತಿದಳು, ಅವಳ ಕೈಮಾತನ್ನು ಬಾಯಲ್ಲಿ ಹೇಳಲು ತಾಯಿ ಜೊತೆಗೆ ಹೋದಳು. ಅಧ್ಯಕ್ಷರು ಪರದೆ ಎಳೆದು ಹೊಸ ವ್ಯಾನಿನ ದೊಡ್ಡ ಚಿತ್ರ ತೋರಿಸಿದರು. ಬಿಳಿ ವ್ಯಾನು. ಅದರ ಮೈಯುದ್ದಕ್ಕೂ ಕೆಂಪಕ್ಷರದಲ್ಲಿ: ಕಿವುಡ ಮಕ್ಕಳಿಗೆ ಕ್ಲಬ್ ಅಧ್ಯಕ್ಷರ ದಾನ. ಜನ ಚಪ್ಪಾಳೆ ತಟ್ಟಿದರು.

"ಎಲ್ಲರಿಗೂ ಥ್ಯಾಂಕ್ಸ್ ಹೇಳು ಪುಟ್ಟಿ" ಅಂದರು ಅಧ್ಯಕ್ಷರು, ಅವಳ ತಲೆ ಮೇಲೆ ಕೈ ಇಟ್ಟು.

ಮೆಣಸು ಚಿತ್ರದ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಆ ಕೈಯಡಿಯಿಂದ ತಲೆ ಸರಿಸಿದಳು. ಕೋಲನ್ನು ಅಧ್ಯಕ್ಷರಿಗೇ ಹಿಡಿಯಲು ಕೊಟ್ಟು, ಎರಡೂ ಕೈಗಳಲ್ಲಿ ತಾಯಿಗೆ ಬಿರಬಿರನೆ ಹೇಳಿದಳು. ತಾಯಿ ಮೈಕ್ ಹಿಡಿದಳು. ಅವಳು ಕಣ್ಣಲ್ಲೇ ಹುಡುಕಿದ್ದು ಅಜ್ಜಿಯನ್ನು.

ಕೆಳಗೆ, ಕೆಸರು ಬೂಟಿನಲ್ಲಿ ನಿಂತಿದ್ದ ಅಜ್ಜಿ ಮೆಣಸಿನ ಕೈಗಳನ್ನು ಓದಿಯಾಗಿತ್ತು. ನಾಳೆ ತನ್ನ ಕೊಳವೆ ಬೇರೆಯವರ ಕೈಗೆ ಹೋಗಬಹುದು ಅಂತಲೂ ಅನ್ನಿಸಿತು. ಹೋಗಲಿ.

"ಇದ್ದಿದ್ದನ್ನ ಇದ್ದ ಹಾಗೆ ಹೇಳೇ!" ಅಂತ ಕೂಗಿದಳು.

ಮಗಳು ಮೈಕನ್ನು ಬಾಯಿಯ ಹತ್ತಿರ ತಂದಳು.

"ಬಂದು ಆಡಿದವರಿಗೆಲ್ಲ ಥ್ಯಾಂಕ್ಸ್ ಅಂತೆ. ಚೆನ್ನಾಗಿ ಆಡಿದ್ರಂತೆ, ಆದ್ರೆ ಸೋತ್ರಂತೆ. ಇದು ದಾನ ಅಲ್ಲ, ನಾನು ಗೆದ್ದಿದ್ದು ಅಂತಾಳೆ. ಆ ಬರಹಾನ ಅಳಿಸಬೇಕಂತೆ."

ಅಧ್ಯಕ್ಷರು ಕೈಯಲ್ಲಿದ್ದ ಗಿಡ್ಡ ಕೋಲನ್ನು ಎಲ್ಲಿಡಬೇಕು ಅಂತ ತಿಳಿಯದೆ ನಿಂತಿದ್ದರು. ಕೊನೆಗೆ ಬಲವಂತವಾಗಿ ನಕ್ಕು, "ಹಾಗಾದ್ರೆ ಏನು ಬರೆಸ್ಬೇಕಂತೆ? ಅವಳ ಹೆಸರಾ?" ಅಂದರು.

ತಾಯಿ ಮಗುವನ್ನು ಕೇಳಿದಳು. ಮೆಣಸು ಇಂಥ ಪ್ರಶ್ನೆಯನ್ನೂ ಕೇಳುತ್ತಾರಾ ಅನ್ನುವ ಹಾಗೆ ಅಧ್ಯಕ್ಷರನ್ನು ನೋಡಿದಳು. ಅವಳ ಕೈಗಳು ಒಂದು ಸಲ ಆಡಿ ನಿಂತವು.

"ಶಾಲೆ ಹೆಸರು ಬರೆಸಿದ್ರೆ ಸಾಕಂತೆ" ಅಂದಳು ತಾಯಿ. "ನಾವು ಹತ್ತಬೇಕಾದ ಗಾಡಿ ಯಾವುದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ."